ಏಳನೆಯ ಪುಟ

ಎರಡು ಹಾಳೆ ಒಟ್ಟಿಗೇ ಮಗುಚಿಕೊಂಡವು. ದನಿ ನಿಲ್ಲಲಿಲ್ಲ.

ಒಂದೇ ಕಡೆಯಿಂದ ಕಾಣುವ ಗಾಜಿನ ಈಚೆ, ಕತ್ತಲಲ್ಲಿ, ಉಪನ್ಯಾಸಕಿ ಎತ್ತಿದ ಪೆನ್ಸಿಲನ್ನು ಎತ್ತಿಯೇ ಹಿಡಿದಿದ್ದಳು. ಗಾಜಿನ ಆಚೆ, ಟ್ಯೂಬ್‌ಲೈಟಿನ ಬೆಳಕಲ್ಲಿ, ಐವತ್ತರ ಹೆಂಗಸೊಬ್ಬಳು ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಬೆರಳ ಕೆಳಗಿದ್ದದ್ದು ಒಂಬತ್ತನೆಯ ಪುಟ. ಅದರ ಎಡಕ್ಕೆ ಕೊಡೆ ಹಿಡಿದ ಮುದುಕನ ಚಿತ್ರ. ಸ್ಪೀಕರಿನಿಂದ ಬರುತ್ತಿದ್ದದ್ದು ಏಳನೆಯ ಪುಟ: “ಬಾಗಿಲ ಹೊರಗೆ ನಾಯಿ ಕೂತಿತ್ತು. ನಾಯಿಗೆ ಹಸಿವಾಗಿತ್ತು. ಅದು ಬಾಲ ಆಡಿಸಲಿಲ್ಲ.”

ನಾಯಿ ಯಾವ ಪುಟದಲ್ಲಿದೆ ಎಂದು ಉಪನ್ಯಾಸಕಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಷರ ಬಾರದ ದೊಡ್ಡವರಿಗೆಂದು ಆರು ವರ್ಷದ ಹಿಂದೆ ಆ ಪುಸ್ತಕ ಬರೆದವಳು ಅವಳೇ. ಬಾಲ ಆಡಿಸದ ನಾಯಿಯ ಬಗ್ಗೆ ಆಗ ಒಳಗೊಳಗೇ ಹೆಮ್ಮೆಯಿತ್ತು. ಈಗ ಆ ಮಾತು, ಯಾರೋ ಅಗಿದು ಉಗುಳಿದ್ದನ್ನು ಮತ್ತೆ ತಟ್ಟೆಗೆ ಬಡಿಸಿದ ಹಾಗೆ ಕೇಳಿಸಿತು.

ಅವಳು ಅಕ್ಕಪಕ್ಕ ನೋಡಿದಳು. ಬಲಗಡೆ ವಿಭಾಗದ ಮುಖ್ಯಸ್ಥರು, ಬಾಯಲ್ಲಿ ಕೆಮ್ಮಿನ ಗುಳಿಗೆ. ಅದು ಹಲ್ಲಿಗೆ ತಾಗಿದಾಗಲೆಲ್ಲ ಟಕ್ಕೆಂದು ಸದ್ದಾಗುತ್ತಿತ್ತು. ಎಡಗಡೆ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರು, ಮೀಸೆಯಲ್ಲಿ ಬಿಸ್ಕತ್ತಿನ ಪುಡಿ. ಇಬ್ಬರೂ ತಲೆ ಬಗ್ಗಿಸಿ ಗೀಟು ಹಾಕುತ್ತಿದ್ದರು. ಪುಸ್ತಕದ ಇನ್ನೂರ ಹನ್ನೆರಡು ಪದಗಳೂ ಮೂವರ ಮುಂದಿನ ಹಾಳೆಯಲ್ಲಿ ಸಾಲಾಗಿ ಅಚ್ಚಾಗಿದ್ದವು. ಸರಿಯಾಗಿ ಓದಿದ ಪದಕ್ಕೊಂದು ಗೀಟು, ತಪ್ಪಿದರೆ ಅಡ್ಡಗೀಟು, ತಡವರಿಸಿದರೆ ಸುತ್ತು. ಕಿವಿಗೆ ಬಿದ್ದದ್ದಕ್ಕೆ ಗೀಟು ಬೀಳುತ್ತಿತ್ತು. ಕಣ್ಣು ಹಾಳೆ ಬಿಟ್ಟು ಏಳುವ ಕೆಲಸವೇ ಇರಲಿಲ್ಲ. ಓದುವವರನ್ನು ನೋಡಲೆಂದು ಕಟ್ಟಿಸಿದ ಕೋಣೆಯಲ್ಲಿ ಯಾರೂ ನೋಡುತ್ತಿರಲಿಲ್ಲ.

ಅವಳೂ ಗೀಟು ಹಾಕಿದಳು. ಕೈ ತನ್ನಷ್ಟಕ್ಕೆ ಹಾಕಿತು.

ದನಿಯನ್ನು ಕೇಳಿದ್ದರೂ ಸಾಕಿತ್ತು. ಓದುವವರ ದನಿ ಸಾಲು ಮುಗಿದಲ್ಲಿ ಹೊಸ್ತಿಲು ಎಡವಿದ ಹಾಗೆ ಎಡವುತ್ತದೆ. ಬಾಯಿಪಾಠ ಒಪ್ಪಿಸುವವರ ದನಿಗೆ ಸಾಲಿನ ಗೊಡವೆಯಿಲ್ಲ. ಉಸಿರು ಮುಗಿದಲ್ಲಿ ನಿಂತು, ಉಸಿರು ತುಂಬಿದಲ್ಲಿ ಏಳುತ್ತದೆ. ಈ ವ್ಯತ್ಯಾಸ ಅವಳಿಗೆ ಯಾವ ಪ್ರಬಂಧದಿಂದಲೂ ಗೊತ್ತಾದದ್ದಲ್ಲ. ಅವಳ ಅಮ್ಮ ದಿನಾ ಬೆಳಗ್ಗೆ ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ದೇವರ ಪದ್ಯಗಳನ್ನು ಹೇಳುತ್ತಿದ್ದಳು. ಅಡುಗೆಮನೆಯ ಹೊಗೆಯೂ ಆ ದನಿಗೆ ದಾರಿ ಬಿಟ್ಟು ನಿಲ್ಲುತ್ತಿತ್ತು. ಎಂಟು ವರ್ಷದವಳಿದ್ದಾಗ, ಮನೆ ತುಂಬ ನೆಂಟರಿದ್ದ ದಿನ, ಮಗಳು ಹೇಳಿದ್ದಳು: “ಅಮ್ಮಾ, ಪುಸ್ತಕ ತಲೆಕೆಳಗಾಗಿದೆ.” ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಪುಸ್ತಕ ಮುಚ್ಚಿ ಒಳಗಿಟ್ಟಳು. ಸಾಯುವ ತನಕ ಆ ಪದ್ಯಗಳು ಅವಳ ಬಾಯಿಗೆ ಮತ್ತೆ ಬರಲಿಲ್ಲ.

“ಸೊನ್ನೆ,” ಎಂದರು ಮುಖ್ಯಸ್ಥರು, ಗುಳಿಗೆಯನ್ನು ದವಡೆಗೆ ತಳ್ಳಿ. “ಒಂದೂ ತಪ್ಪಿಲ್ಲ.”

“ನಂದೂ ಸೊನ್ನೆ,” ಎಂದರು ಪರೀಕ್ಷಕರು. “ನೀರು ಕುಡಿದಷ್ಟು ಸಲೀಸಾಗಿ ಓದಿಬಿಟ್ರಲ್ಲ!”

“ನಿಮ್ದೇನಮ್ಮಾ?”

“ಇನ್ನೊಂದ್ಸಲ ಕೂಡ್ಕೋತೀನಿ ಸರ್.”

“ಸೊನ್ನೇನ ಕೂಡೋದೇನಿದೆ?” ಮುಖ್ಯಸ್ಥರು ತಮ್ಮ ಮಾತಿಗೆ ತಾವೇ ನಕ್ಕು, ಬೆರಳನ್ನು ನಾಲಿಗೆಗೆ ಒತ್ತಿ ಹಾಳೆ ತಿರುವಿದರು. ಅವರು ಎಂಜಲು ಹಚ್ಚದೆ ತಿರುವಿದ ಹಾಳೆ ವಿಭಾಗದಲ್ಲಿ ಒಂದೂ ಇರಲಿಲ್ಲ. “ಮೂರು ಗಂಟೆಗೆ ರುಜು. ಮುಂದಿನ ಅವಧಿಯಿಂದ ಇದೇ ವಿಧಾನ, ಎಲ್ಲಾ ಶಿಕ್ಷಕರ ತರಬೇತಿಗೂ.”

ವಿಧಾನ ಮುಖ್ಯಸ್ಥರದು. ಕೇಳು, ಜೊತೆಗೆ ಹೇಳು, ತಾನೇ ಓದು. ಅದರ ಮೇಲೆ ನಾಲ್ಕು ವರ್ಷ ದುಡಿದವಳು ಅವರ ಕೈಕೆಳಗಿನ ಸಂಶೋಧನೆಯ ಹುಡುಗಿ. ಕಲಿಯಲು ಬಂದವರು ಆರು ಜನ. ಇಬ್ಬರು ಊರು ಬಿಟ್ಟರು, ಒಬ್ಬ ತೀರಿಕೊಂಡ, ಒಬ್ಬಳನ್ನು ಗಂಡ ಬಿಡಲಿಲ್ಲ, ಒಬ್ಬ ಪುಸ್ತಕ ನೋಡಿ ನಕ್ಕು ಎದ್ದುಹೋದ. ಉಳಿದವಳು ಇವಳು. ಫೈಲಿನಲ್ಲಿ ಆರನೆಯ ನಂಬರು. ಹಾಗಾಗಿ ವಿಭಾಗದಲ್ಲೆಲ್ಲ ಅವಳು ‘ಆರನೆಯವಳು’. ಕಲಿತ ಪುಸ್ತಕದಲ್ಲೇ ಪರೀಕ್ಷೆ ಮಾಡಿದರೆ ಹೇಗೆ, ಕಾಣದ ಪುಸ್ತಕ ಕೊಡಬೇಡವೇ ಎಂದು ಉಪನ್ಯಾಸಕಿ ಒಮ್ಮೆ ಕೇಳಿದ್ದಳು. “ಅದು ಮುಂದಿನ ಹಂತ,” ಎಂದಿದ್ದರು ಮುಖ್ಯಸ್ಥರು. ಅವಳು ಹಾಗೆಯೇ ಬರೆದುಕೊಂಡಿದ್ದಳು.

ಕಾರಿಡಾರಿನ ನಲ್ಲಿಯ ಬಳಿ ಆರನೆಯವಳು ಕೈ ತೊಳೆಯುತ್ತಿದ್ದಳು. ಉಗುರಿನ ಸಂದಿಯಲ್ಲಿ ಬಿಳಿಯದೇನೋ ಒಣಗಿ ಕೂತಿತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೈ. ಹತ್ತಿರ ಹೋದರೆ ಹುಳಿಹಿಟ್ಟಿನ ವಾಸನೆ. ಉಪನ್ಯಾಸಕಿ ಉಸಿರು ಬಿಗಿಹಿಡಿದಳು. ಹಿಡಿದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಮೇಡಂ, ಆ ಕನ್ನಡಿ ಹಿಂದೆ ಕೂತೋರಿಗೆ ನಾವು ಕಾಣ್ತೀವಾ?”

“ಕಾಣ್ತೀರಿ.”

“ಎಲ್ಲಾನೂ?”

“ಎಲ್ಲಾನೂ.”

“ಹಾಗಾದ್ರೆ ಸರಿ.” ಆರನೆಯವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ದನಿ ತಗ್ಗಿಸಿದಳು. “ನಂಗೆ ಓದೋಕೆ ಬರಲ್ಲ. ನಿಮಗೆ ಗೊತ್ತಾಗಿದೆ. ನೀವು ಒಬ್ರೇ ತಲೆ ಎತ್ತೋದು, ದಿನಾ ನೋಡಿದೀನಿ. ಬಾಗಿಲು ತೆಗೆಯುವಾಗ ಒಳಗಡೆ ಕಾಣುತ್ತೆ.”

ಉಪನ್ಯಾಸಕಿ ನಲ್ಲಿಯತ್ತ ನೋಡಿದಳು. ಅದು ಇನ್ನೂ ತೊಟ್ಟಿಕ್ಕುತ್ತಿತ್ತು.

“ಆ ಹುಡುಗಿ ಅತ್ತುಬಿಡ್ತು ಮೇಡಂ. ಅಕ್ಕಾ, ನೀನು ತಡವರಿಸಿದ್ರೆ ನನ್ನ ನಾಲ್ಕು ವರ್ಷ ನೀರಲ್ಲಿ ಹೋಗುತ್ತೆ ಅಂತ. ಮಾತು ಕೊಟ್ಟೆ, ತಡವರಿಸಲ್ಲ ಅಂತ. ತಡವರಿಸಲಿಲ್ಲ.”

“ಚೆನ್ನಾಗಿ ಹೇಳಿದ್ರಿ.”

“ಹೇಳೋಕೇನು, ಗಿಣಿನೂ ಹೇಳುತ್ತೆ.” ಅವಳು ನಕ್ಕಳು, ನಗು ಬೇಗ ಮುಗಿಯಿತು. “ಈ ಪಾಸಾದ ಕಾಗದ ಕೊಟ್ಟುಬಿಟ್ರೆ ಸೋಮವಾರದಿಂದ ನನ್ನನ್ನ ವಾರ್ಡಿಗೆ ಹಾಕ್ತಾರೆ. ಮಂಚಮಂಚಕ್ಕೂ ಕಾರ್ಡು ತೂಗುಹಾಕಿರ್ತಾರೆ. ಉಪ್ಪಿಲ್ಲದ ಊಟ ಯಾರಿಗೆ, ಸಕ್ಕರೆ ಇಲ್ಲದ್ದು ಯಾರಿಗೆ, ಯಾರಿಗೆ ಊಟಾನೇ ಕೊಡಬಾರದು. ಓದಿ ತಟ್ಟೆ ಇಡ್ಬೇಕು. ಅಲ್ಲಿ ನಾಯಿ ಕಥೆ ಹೇಳಿದ್ರೆ ಆಗುತ್ತಾ?”

“ಬೇಡ ಅಂತ ಅಲ್ಲೇ ಹೇಳಿಬಿಡಿ.”

“ನಾನು ಹೇಳಿದ್ರೆ ಹುಡುಗಿ ಹೆಸರು ಬರುತ್ತೆ, ಕೊಟ್ಟ ಮಾತೂ ಮುರಿಯುತ್ತೆ. ನೀವು ಹೇಳಿದ್ರೆ ನಾನು ಮಾತು ಮುರಿದ ಹಾಗಾಗಲ್ಲ. ನನ್ನನ್ನ ಫೇಲ್ ಮಾಡಿ ಮೇಡಂ. ಇನ್ನೊಂದು ವರ್ಷ ಬಂದು ಕೂರ್ತೀನಿ. ಕಲಿಸಿದ್ರೆ ಕಲೀತೀನಿ, ಆಣೆಗೂ. ಯಾರೂ ಅಕ್ಷರ ಹಿಡಿಸಲೇ ಇಲ್ಲ, ಬರೀ ಕೇಳಿಸಿದ್ರು.”

“ನೋಡೋಣ,” ಎಂದಳು ಉಪನ್ಯಾಸಕಿ.

ಆ ಪದ ಬಾಯಿಂದ ಬಿದ್ದ ಕೂಡಲೇ ಅದರ ರುಚಿ ನಾಲಿಗೆಗೆ ಹತ್ತಿತು. ಹದಿನೇಳು ವರ್ಷದ ಕೆಲಸದಲ್ಲಿ ಅವಳು ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು.

ಮೂರು ಗಂಟೆಗೆ ಸಭೆಯ ಕೋಣೆಯಲ್ಲಿ ಚಹಾ ಬಂತು. ಮೇಲೆ ಕೆನೆ ಕಟ್ಟಿತ್ತು. ಪರೀಕ್ಷಕರು ಅದನ್ನು ಬೆರಳಲ್ಲೇ ಎತ್ತಿ ತಟ್ಟೆಯ ಅಂಚಿಗೆ ಒರೆಸಿದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಸಂಶೋಧನೆಯ ಹುಡುಗಿ ಫೈಲನ್ನು ಹಸುಗೂಸಿನ ಹಾಗೆ ಅವಚಿಕೊಂಡು ಕೂತಿದ್ದಳು. ನಿದ್ದೆಯಿಲ್ಲದ ಕಣ್ಣು, ಕಚ್ಚಿ ಕಚ್ಚಿ ಸಿಪ್ಪೆ ಎದ್ದ ತುಟಿ.

“ನಿಮ್ಮ ಹಾಳೆ ಕೊಡಿ,” ಎಂದರು ಮುಖ್ಯಸ್ಥರು ಉಪನ್ಯಾಸಕಿಗೆ.

ಅವಳು ಕೊಡಲಿಲ್ಲ. ಹೇಳುವ ಮಾತನ್ನು ನಲ್ಲಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದಳು. ಏಳನೆಯ ಪುಟ ಅವಳಿಗೆ ಕಾಣಿಸುತ್ತಲೇ ಇರಲಿಲ್ಲ ಸರ್. ಅಷ್ಟೇ. ಒಂದು ವಾಕ್ಯ. ಆದರೆ ವಾಕ್ಯ ಗಂಟಲಿಗೆ ಬಂದಾಗ ಅದರ ಬೆನ್ನಿಗೆ ಎಂಟು ವರ್ಷದ ಹುಡುಗಿಯ ದನಿ ಅಂಟಿಕೊಂಡು ಬಂತು, ನೆಂಟರ ನಗು ಬಂತು. ನಾನು ಸುಮ್ಮನಿರುವುದು ಅಮ್ಮನಿಗಾಗಿ ಎಂದುಕೊಂಡಳು. ಹಾಗೆ ಅಂದುಕೊಳ್ಳುವಾಗಲೇ ಮುಖ್ಯಸ್ಥರ ಮುಖದ ಮೇಲೊಂದು ಕಣ್ಣಿಟ್ಟಿದ್ದಳು.

“ಸರ್, ಹಾಳೆ ಮಗುಚುವಾಗ...”

ಗುಳಿಗೆ ಟಕ್ಕೆಂದಿತು. “ಏನು?”

“ಎರಡು ಹಾಳೆ ಅಂಟಿಕೊಂಡಿದ್ದ ಹಾಗಿತ್ತು.”

ಹುಡುಗಿ ತುಟಿ ಕಚ್ಚುವುದನ್ನು ನಿಲ್ಲಿಸಿದಳು. ಪರೀಕ್ಷಕರು ಕಪ್ಪಿನೊಳಗೆ ನೋಡಿದರು. ಕೋಣೆಯಲ್ಲಿ ಒಂದು ಗಳಿಗೆ ಎಲ್ಲರಿಗೂ ಎಲ್ಲವೂ ಗೊತ್ತಿದ್ದ ಹಾಗಿತ್ತು.

“ಒಳ್ಳೇ ಮಾತು,” ಎಂದರು ಮುಖ್ಯಸ್ಥರು. “ಬರ್ಕೋಮ್ಮಾ: ಪುಸ್ತಕದ ಬೈಂಡಿಂಗ್ ಸುಧಾರಿಸಬೇಕು. ಇವರು ಸೂಕ್ಷ್ಮವಾಗಿ ಗಮನಿಸ್ತಾರೆ, ನೋಡಿ.”

“ಗಮನಿಸ್ಬೇಕು, ಗಮನಿಸ್ಬೇಕು,” ಎಂದರು ಪರೀಕ್ಷಕರು.

ಹುಡುಗಿ ಬರೆದುಕೊಂಡಳು. ಮುಖ್ಯಸ್ಥರು ಬೆರಳನ್ನು ನಾಲಿಗೆಗೆ ತಾಗಿಸಿ ರುಜುವಿನ ಹಾಳೆಯನ್ನು ಉಪನ್ಯಾಸಕಿಯತ್ತ ತಿರುವಿದರು. ಮೂಲೆಯಲ್ಲಿ ಬೆರಳಚ್ಚಿನಷ್ಟು ಒದ್ದೆ. ಅದು ಆರುವ ತನಕ ಕಾಯಬಹುದಿತ್ತು. ಅವಳು ಅದರ ಪಕ್ಕದಲ್ಲೇ ಕೈಯೂರಿ ರುಜು ಹಾಕಿದಳು. ತಪ್ಪುಗಳು: ಸೊನ್ನೆ. ಸೊನ್ನೆಯನ್ನು ಅಂದವಾಗಿ, ಎರಡು ತುದಿಯೂ ಕೂಡುವಂತೆ ಬರೆದಳು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಆರನೆಯವಳು ಎದ್ದು ನಿಂತಳು.

“ಹೇಳಿದ್ರಾ ಮೇಡಂ?”

“ಹೇಳಿದೆ.” ಸುಳ್ಳೇನಲ್ಲ ಎಂದುಕೊಂಡಳು.

“ಏನಂದ್ರು?”

ಅಷ್ಟರಲ್ಲಿ ಹಿಂದಿನಿಂದ ಹುಡುಗಿ ಓಡಿಬಂದಳು. ಕೈಯಲ್ಲಿ ಪ್ರಮಾಣಪತ್ರ. “ಅಕ್ಕಾ! ಪಾಸು!” ಎಂದು ಆರನೆಯವಳನ್ನು ತಬ್ಬಿಕೊಂಡು ಬಿಕ್ಕತೊಡಗಿದಳು. ಆರನೆಯವಳು ಅವಳ ಬೆನ್ನು ಸವರಿದಳು. “ಆಯ್ತು ಬಿಡಮ್ಮಾ, ಆಯ್ತು,” ಎನ್ನುತ್ತ, ಹುಡುಗಿಯ ಹೆಗಲ ಮೇಲಿಂದ ಉಪನ್ಯಾಸಕಿಯನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಾಗಿಲು ತಟ್ಟಿ ತಟ್ಟಿ, ಮನೆಯಲ್ಲಿ ಯಾರೂ ಇಲ್ಲವೇನೋ ಎಂದು ಹಿಂದಿರುಗುವವರ ನೋಟ.

“ಇದ್ರಲ್ಲಿ ನನ್ನ ಹೆಸರು ಎಲ್ಲಿದೆ?”

ಹುಡುಗಿ ಕಣ್ಣೊರೆಸಿಕೊಂಡು ತೋರಿಸಿದಳು. ಆರನೆಯವಳು ಅಲ್ಲಿ ಬೆರಳಿಟ್ಟಳು. ಒಂಬತ್ತನೆಯ ಪುಟದ ಮೇಲೆ ಇಟ್ಟ ಹಾಗೆಯೇ.

ಐದು ಗಂಟೆಗೆ ವಿಭಾಗ ಖಾಲಿಯಾಯಿತು. ಉಪನ್ಯಾಸಕಿ ಚೀಲ ಹೆಗಲಿಗೇರಿಸಿದವಳು ಮೆಟ್ಟಿಲಿಳಿಯದೆ ಓದುವ ಕೋಣೆಗೆ ಹೋದಳು. ಗಾಜಿನ ಈ ಬದಿಗೆ ಅವಳು ಬಂದು ಎಷ್ಟೋ ವರ್ಷವಾಗಿತ್ತು. ಇಲ್ಲಿಂದ ಅದು ಬರೀ ಕನ್ನಡಿ. ಅದರೊಳಗೆ ಮೇಜು, ಕುರ್ಚಿ, ಚೀಲ ಹೊತ್ತ ಒಬ್ಬ ಹೆಂಗಸು.

ಪುಸ್ತಕ ಮೇಜಿನ ಮೇಲೇ ಇತ್ತು. ಅಭ್ಯಾಸಕ್ಕೆಂದು ಆರನೆಯವಳು ಮನೆಗೆ ಒಯ್ಯುತ್ತಿದ್ದ ಪ್ರತಿ. ಅಂಟಿದ ಹಾಳೆಗಳನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದಳು. ಹುಳಿಹಿಟ್ಟು. ಚೆಲ್ಲಿ ಅಂಟಿದ್ದಲ್ಲ. ಒಂದು ಮೂಲೆಯೂ ಬಿಡದಂತೆ ಪುಟದ ತುಂಬ ನೀಟಾಗಿ ಬಳಿದಿತ್ತು. ನಲ್ಲಿಯ ಕೆಳಗಿನ ಆ ಉಗುರುಗಳು ನೆನಪಾದವು. ಬರೆಯಲು ಬಾರದವಳು ಕನ್ನಡಿಯ ಹಿಂದಿನವರಿಗೆ ಬರೆದ ಕಾಗದ ಇದು. ತಲುಪಿತ್ತು. ಬೈಂಡಿಂಗ್ ಸುಧಾರಿಸಬೇಕು ಎಂದು ಉತ್ತರವನ್ನೂ ಕೊಟ್ಟಾಗಿತ್ತು.

ಹಾಳೆಗಳ ನಡುವೆ ಉಗುರು ತೂರಿಸಿ ಎಳೆದಳು. ಹಿಟ್ಟು ಪೂರ್ತಿ ಒಣಗಿರಲಿಲ್ಲ. ತಣ್ಣಗೆ, ಲೋಳೆಯಾಗಿ ಬೆರಳಿಗೆ ಹತ್ತಿತು. ಹಾಳೆ ಗಾಯದ ಪಟ್ಟಿ ಬಿಚ್ಚಿದ ಹಾಗೆ ಬಿಟ್ಟುಕೊಂಡಿತು. ಏಳನೆಯ ಪುಟದಲ್ಲಿ ಕಾಗದದ ನಾರಷ್ಟೇ ಉಳಿದಿತ್ತು. ಅಕ್ಷರಗಳೆಲ್ಲ ಕಿತ್ತು ಬಂದು ಎದುರು ಪುಟದ ನಾಯಿಯ ಮೈಗೆ ಮೆತ್ತಿಕೊಂಡಿದ್ದವು, ಹಿಂದುಮುಂದಾಗಿ.

ಅವಳು ಪುಸ್ತಕವನ್ನು ಕನ್ನಡಿಗೆ ಹಿಡಿದಳು. ಸಾಲುಗಳು ನೆಟ್ಟಗಾದವು.

“ಬಾಗಿಲ ಹೊರಗೆ ನಾಯಿ ಕೂತಿತ್ತು,” ಎಂದಳು. “ನಾಯಿಗೆ ಹಸಿವಾಗಿತ್ತು.”

ಓದಿದೆನೇ? ಕಣ್ಣು ಮುಚ್ಚಿ ನೋಡಿದಳು. ದನಿ ಮುಂದುವರಿಯಿತು. ಕಣ್ಣು ತೆರೆದಳು, ಅದೇ ದನಿ, ಅದೇ ಓಟ. ಸಾಲಿನ ಕೊನೆಯಲ್ಲಿ ಎಡವಲಿಲ್ಲ. ಬೇಕೆಂದೇ ನಿಲ್ಲಿಸಲು ನೋಡಿದಳು; ಉಸಿರು ಮುಗಿಯುವ ತನಕ ನಿಲ್ಲಲಿಲ್ಲ. ಮೇಜಿನ ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಕನ್ನಡಿಯ ಹಿಂದೆ ಯಾರಾದರೂ ಕೂತಿದ್ದಾರೆಯೇ, ಇಲ್ಲಿಂದ ತಿಳಿಯುವ ಹಾಗಿರಲಿಲ್ಲ.

ಹಾಳೆ ಮಗುಚಲು ಬೆರಳು ತನ್ನಷ್ಟಕ್ಕೆ ನಾಲಿಗೆಗೆ ಹೋಯಿತು. ಹಿಟ್ಟಿನ ಹುಳಿ ಬಾಯಿ ತುಂಬ ಹರಡಿತು. ದನಿ ನಿಲ್ಲಲಿಲ್ಲ.