ಮಿಸೆಸ್ ಹೆಸ್ಲಪ್ ಮನೆಯ ಬಾಡಿಗೆದಾರ

ಬಾಗಿಲು ತಟ್ಟಿದವನು ತನ್ನ ಹೆಸರು ಬೆಲ್, ಟೀ ಪುಡಿ ಮಾರುವ ಕಂಪನಿಯ ಏಜೆಂಟ್ ಎಂದು ಹೇಳಿಕೊಂಡ. ಎರಡೂ ಸುಳ್ಳು. ಅವನು ಪತ್ತೇದಾರಿ ಪೊಲೀಸಿನ ಸಾರ್ಜೆಂಟ್ ಈನಕ್ ಪರ್ವಿಸ್. ಸಂಡರ್‌ಲೆಂಡಿನಲ್ಲಿ ಯಾರಿಗೂ ಮುಖಪರಿಚಯ ಇರಬಾರದೆಂದು ಅವನನ್ನು ನ್ಯೂಕಾಸಲ್‌ನಿಂದ ಕರೆಸಿದ್ದರು.

ಹಡಗುಕಟ್ಟೆಯ ಹಿಂದಿನ ಹಗ್ಗದ ಕಾರ್ಖಾನೆಯಲ್ಲಿ ಮೇಸ್ತ್ರಿ ರಡ್ಡಕ್‌ನ ಹೆಣ ಸಿಕ್ಕಿತ್ತು. ಆರಡಿ ಆಳು; ಯಾರೋ ಎದುರಿಗೇ ನಿಂತು ಕಬ್ಬಿಣದ ಸಲಾಕೆಯಿಂದ ನೆತ್ತಿಯ ಮೇಲೆ ಹೊಡೆದಿದ್ದರು. ಅವತ್ತಿನಿಂದಲೇ ಕಾರ್ಖಾನೆಯ ಕೆಲಸಗಾರ ಜೇಬೆಜ್ ಹೆಸ್ಲಪ್ ನಾಪತ್ತೆ. ಅವನ ತಾಯಿ ವಿಧವೆ. ಮಗ ಮಲಗುತ್ತಿದ್ದ ಕೋಣೆಯನ್ನೇ ಈಗ ಬಾಡಿಗೆಗೆ ಕೊಡುತ್ತಿದ್ದಳು. "ಹೋಗಿ ಅಲ್ಲೇ ಠಿಕಾಣಿ ಹೂಡು. ಮಗ ಇವತ್ತಲ್ಲ ನಾಳೆ ತಾಯಿಗೆ ಸುದ್ದಿ ಕಳಿಸ್ದೆ ಇರಲ್ಲ" ಎಂದಿದ್ದರು ಇನ್‌ಸ್ಪೆಕ್ಟರ್ ಗ್ರೀವ್ಸ್.

ಮಿಸೆಸ್ ಹೆಸ್ಲಪ್ ಕುಳ್ಳಗಿನ, ಬಾಯಿ ಜೋರಿನ ಹೆಂಗಸು. ಮೊದಲ ದಿನವೇ ಬೇಯಿಸಿದ ಬಟಾಣಿ, ಹೆರಿಂಗ್ ಮೀನು ಮುಂದಿಟ್ಟು, "ಏನಪ್ಪಾ, ಟೀ ಮಾರೋನು ಟೀ ಕುಡ್ಕೊಂಡೇ ಬದುಕ್ತೀಯೋ ಹೇಗೆ? ಮೈಮೇಲೆ ಮಾಂಸಾನೇ ಇಲ್ವಲ್ಲ" ಎಂದು ಛೇಡಿಸಿದಳು. ಪರ್ವಿಸ್‌ಗೆ ಹೆಂಡತಿ ಇರಲಿಲ್ಲ, ತಾಯಿ ಯಾವತ್ತೋ ಹೋಗಿದ್ದಳು. ಒಬ್ಬರ ಎದುರು ಕೂತು ಉಂಡು ವರ್ಷಗಳಾಗಿದ್ದವು.

ತಟ್ಟೆಗಳಿದ್ದದ್ದು ಒಲೆಯ ಮೇಲಿನ ಹಲಗೆಯಲ್ಲಿ. ಅವಳು ಬಲಗೈ ಎತ್ತಲು ಹೋಗಿ, ಭುಜದ ಮಟ್ಟಕ್ಕೆ ಬರುವ ಮೊದಲೇ ಮುಖ ಕಿವಿಚಿದ್ದನ್ನು ಕಂಡು ಅವನೇ ಎದ್ದು ತೆಗೆದುಕೊಟ್ಟ. ಆಮೇಲೆ ಅದು ದಿನದ ರೂಢಿಯಾಯಿತು.

"ಕಾರ್ಖಾನೇಲಿ ಕೆಲಸ ಮಾಡ್ವಾಗ ಹಗ್ಗ ಹೊಸೆಯೋ ಯಂತ್ರ ಕೈ ಎಳ್ಕೊಂಡ್ಬಿಡ್ತು" ಎಂದಳು ಒಮ್ಮೆ. "ಭುಜ ಕಿತ್ತೇ ಬಂದಂಗಾಗಿತ್ತು. ಬ್ಯಾಂಡೇಜ್ ಕಟ್ಟೋಕ್ಮುಂಚೆ ರಡ್ಡಕ್ ಬಂದು, ನಾಳೆಯಿಂದ ಬರ್ಬೇಡ ಅಂದ. ಸತ್ತೋರ ಬಗ್ಗೆ ಮಾತಾಡ್ಬಾರ್ದು, ಬಿಡು."

ಜೇಬೆಜ್ ಸಲಾಕೆ ಎತ್ತಿದ್ದೇಕೆಂದು ಪರ್ವಿಸ್‌ಗೆ ಈಗ ತಿಳಿಯಿತು. ತಿಳಿಯದೆ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿದ್ದು ಅವನ ಕೆಲಸಕ್ಕೆ ಒಗ್ಗುವಂಥದ್ದಲ್ಲ.

ಇನ್ನೊಂದು ದಿನ ಅವನ ಕೋಟಿಗೆ ಗುಂಡಿ ಹೊಲಿಯುತ್ತಾ ಅವಳು ತನ್ನ ಅಣ್ಣನ ಮಾತು ತೆಗೆದಳು. ಹಾರ್ಟ್ಲ್‌ಪೂಲ್‌ನಲ್ಲಿ ದೋಣಿಗಳಿಗೆ ಟಾರು ಬಳಿಯುವವನು. "ನಮ್ಮ ಜೇಬೆಜ್‌ನ ಎತ್ತಿ ಆಡಿಸಿದ್ದೇ ಅವನು" ಎಂದವಳು ಥಟ್ಟನೆ ತುಟಿ ಕಚ್ಚಿಕೊಂಡಳು. ಪೊಲೀಸರಿಗೆ ಈ ಅಣ್ಣನ ಸುಳಿವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಪರ್ವಿಸ್ ಠಾಣೆಗೆ ಹೋಗಿ ಅಣ್ಣ, ಭುಜ, ತಟ್ಟೆ ಎಂದು ಕಂಡದ್ದು ಕೇಳಿದ್ದೆಲ್ಲವನ್ನೂ ಒಪ್ಪಿಸಿ ಬಂದ. ವಾಪಸು ಬರುವಾಗ ಮಂಜಿನಂಥ ಮಳೆಗೆ ನೆನೆದು, ಅವತ್ತೇ ಜ್ವರ ಹಿಡಿದು ಮಲಗಿದ.

ಜ್ವರ ಬಿಡುವವರೆಗೂ ಆರೈಕೆ ಮಾಡಿದವಳು ಅವಳೇ. ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಸಿದಳು, ಹಣೆಗೆ ತಣ್ಣೀರು ಬಟ್ಟೆ ಹಾಕಿದಳು. ಅವನಿಗೆ ಮೈಮೇಲೆ ಪ್ರಜ್ಞೆ ಬಂದ ದಿನ ಬೀದಿಯಲ್ಲಿ ಯಾರೋ ಕೂಗಿ ಹೇಳುತ್ತಿದ್ದರು, ಜೇಬೆಜ್‌ನನ್ನು ಹಾರ್ಟ್ಲ್‌ಪೂಲ್‌ನಲ್ಲಿ ಹಿಡಿದರಂತೆ ಎಂದು.

ಅವಳು ಒಳಗೆ ಬಂದು ಮಂಚದ ಪಕ್ಕ ಕೂತಳು.

"ಜ್ವರದಲ್ಲಿ ಬಡಬಡಿಸ್ತಾ ನೀನು ನಿಮ್ಮ ಇನ್‌ಸ್ಪೆಕ್ಟರಿಗೆ ವರದಿ ಒಪ್ಪಿಸ್ತಾನೇ ಇದ್ದೆ, ಸಾರ್ಜೆಂಟ್."

ಪರ್ವಿಸ್ ಮೊಣಕೈ ಊರಿ ಎದ್ದು ಕೂತ. "ಗೊತ್ತಾದ್ಮೇಲೂ ಯಾಕಮ್ಮ ನನ್ನ ನೋಡ್ಕೊಂಡ್ರಿ?"

"ಕಾಯಿಲೆ ಬಿದ್ದೋನ್ನ ಬೀದಿಗೆ ಹಾಕಕ್ಕೆ ನಾನೇನು ರಡ್ಡಕ್ಕಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಈಗ ನಾನು ಹೇಳೋದು ಕೇಳು. ಅವನನ್ನ ಹೊಡ್ದಿದ್ದು ನಾನು. ಕೆಲಸ ವಾಪಸ್ ಕೇಳಕ್ಕೆ ಹೋಗಿದ್ದೆ, ಬೈದ, ಹೊಡ್ದೆ. ನಮ್ಮುಡ್ಗ ನನ್ನ ಉಳಿಸಕ್ಕೆ ಓಡಿ ಹೋದ."

"ಸುಮ್ನಿರಿ ಅಮ್ಮ. ನಿಮ್ಮ ಕೈ..."

"ನನ್ನ ಕೈಗೇನಾಗಿದೆ? ವಾಸಿಯಾಗಿದೆ."

ಡರ್ಹಮ್‌ನ ನ್ಯಾಯಾಲಯದಲ್ಲೂ ಅವಳು ಅದನ್ನೇ ಹೇಳಿದಳು. ಕಟಕಟೆಯಲ್ಲಿದ್ದ ಜೇಬೆಜ್ "ಅಮ್ಮ, ಬೇಡ" ಎಂದು ಕೂಗಿಕೊಂಡ. ಕಾವಲುಗಾರ ಅವನನ್ನು ಹಿಡಿದು ಕೂರಿಸಿದ. ಸರ್ಕಾರಿ ವಕೀಲರು ನಗುತ್ತಾ, "ಭುಜ ಮುರಿದ ಹೆಂಗಸು ಆರಡಿ ಆಳಿನ ನೆತ್ತಿಗೆ ಹೊಡೆದಳೆ?" ಎಂದು ಕೇಳಿದಾಗ ಅವಳು ಬಲಗೈಯನ್ನು ಮೆಲ್ಲಗೆ ಮೇಲೆತ್ತಿದಳು. ಭುಜದಾಚೆ, ಕಿವಿಯಾಚೆ, ತಲೆಯ ಮೇಲಕ್ಕೆ. ಎತ್ತಿ ಹಾಗೇ ಹಿಡಿದಳು. ಮುಖ ಸುಣ್ಣದಂತೆ ಬಿಳುಚಿತ್ತು. ಆದರೆ ತುಟಿ ಅಲುಗಲಿಲ್ಲ. ಜ್ಯೂರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮನಸ್ಸು ತೂಗಾಡುತ್ತಿದ್ದುದು ಹಿಂದಿನ ಬೆಂಚಿನಲ್ಲಿದ್ದ ಪರ್ವಿಸ್‌ಗೂ ಕಾಣುತ್ತಿತ್ತು.

ಆಗ ಸರ್ಕಾರಿ ವಕೀಲರು ಅವನನ್ನು ಸಾಕ್ಷಿಗೆ ಕರೆದರು.

"ನೀವು ಆ ಮನೆಯಲ್ಲಿದ್ದಷ್ಟು ಕಾಲ ಈಕೆ ಬಲಗೈ ಹೀಗೆ ಎತ್ತಿದ್ದನ್ನು ನೋಡಿದ್ದೀರಾ?"

ಪರ್ವಿಸ್ ಬೈಬಲ್ ಮುಟ್ಟಿ ಪ್ರಮಾಣ ಮಾಡಿದ್ದ. ನೆನಪಿಲ್ಲ ಎನ್ನಬಹುದಿತ್ತು. ನೆನಪಿಲ್ಲ ಎಂದರೆ ಮಗ ಉಳಿದಾನು. ಆದರೆ ಅದೇ ಹಗ್ಗ ತಾಯಿಯ ಕೊರಳಿಗೆ ಬೀಳುತ್ತದೆ. ಹೊಡೆಯದವಳನ್ನು ಹೇಗೆ ಗಲ್ಲಿಗೆ ಕೊಡುವುದು? ಇದೆಲ್ಲ ಅವನ ತಲೆಯಲ್ಲಿ ಹಾದುಹೋಗುವಷ್ಟರಲ್ಲಿ ನ್ಯಾಯಾಧೀಶರು ಕೆಮ್ಮಿದರು.

"ಇಲ್ಲ" ಎಂದ.

"ಮೇಲಿನ ಹಲಗೆಯಿಂದ ತಟ್ಟೆ ತೆಗೆಯುತ್ತಿದ್ದವರು ಯಾರು?"

"ನಾನು."

ಮಿಸೆಸ್ ಹೆಸ್ಲಪ್‌ಳ ಕೈ ಆಗಲೇ ಕೆಳಗಿಳಿದಿತ್ತು. ಅವಳು ಅದನ್ನು ಎಡಗೈಯಿಂದ ಎದೆಗವಚಿಕೊಂಡು ಕೂತಿದ್ದಳು. ನ್ಯಾಯಾಧೀಶರು ಮರಣದಂಡನೆಯ ರೂಢಿಯಂತೆ ಕರಿ ಬಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಜೇಬೆಜ್‌ಗೆ ಗಲ್ಲು ವಿಧಿಸಿದರು. ತಾಯಿಯ ಸುಳ್ಳು ಸಾಕ್ಷ್ಯದ ಮೇಲೆ ಯಾರೂ ಕೇಸು ಹಾಕಲಿಲ್ಲ.

ಗಲ್ಲಿನ ಹಿಂದಿನ ದಿನ ಅವಳು ಠಾಣೆಯ ಬಾಗಿಲಲ್ಲಿ ನಿಂತಿದ್ದಳು.

"ಡರ್ಹಮ್‌ಗೆ ಹೋಗಿ ನಮ್ಮುಡ್ಗನ್ನ ನೋಡ್ಬೇಕು, ಒಬ್ಳೇ ರೈಲು ಹತ್ತಿ ಗೊತ್ತಿಲ್ಲ ನಂಗೆ. ಜೈಲಲ್ಲಿ ಯಾರನ್ನ ಏನು ಕೇಳ್ಬೇಕೋ ಅದೂ ಗೊತ್ತಿಲ್ಲ. ಬಾಯಿ ತಡೀಲಿಲ್ಲ ಅಂತ ನಮ್ಮಣ್ಣ ನನ್ನ ಮುಖ ನೋಡ್ತಿಲ್ಲ. ನೀನೇ ಕರ್ಕೊಂಡೋಗು."

ಅವನು ಟೋಪಿ ಹಾಕಿಕೊಂಡು ಹೊರಟ. ಜೈಲಿನಲ್ಲಿ ಅವಳು ಒಳಗಿದ್ದಷ್ಟೂ ಹೊತ್ತು ಅವನು ಗೇಟಿನ ಹತ್ತಿರ ಚಳಿಯಲ್ಲಿ ನಿಂತಿದ್ದ. ವಾಪಸು ರೈಲು ಹೊರಟ ಮೇಲೆ, ಕಿಟಕಿಯಾಚೆ ನೋಡುತ್ತಾ ಅವಳೇ ಬಾಯಿಬಿಟ್ಟಳು.

"ನಿನ್ನ ವಿಚಾರ ಕೇಳ್ದ. ‘ಅವನು ನನ್ನ ಮಂಚದ ಮೇಲೆ ಮಲಗ್ತಿದ್ನಂತಲ್ಲ ಅಮ್ಮ, ನಮ್ಮನೇಲಿ ಹೊಟ್ಟೆ ತುಂಬ ಊಟ ಮಾಡ್ತಿದ್ನಾ’ ಅಂದ."

"ನೀವು ಏನಂದ್ರಿ?"

"ಮಾಡ್ತಿದ್ದ ಅಂದೆ. ಇನ್ನು ಸುಳ್ಳು ಹೇಳಿ ಏನಾಗ್ಬೇಕು?"

ನಿಲ್ದಾಣದಲ್ಲಿ ಅವನು ಕೈ ನೀಡಿದ. ಅವಳು ಬಾಗಿಲ ಕಂಬಿ ಹಿಡಿದು ತಾನೇ ಇಳಿದು, ಜನರ ನಡುವೆ ನಡೆದುಹೋದಳು.

ವಸಂತದಲ್ಲಿ ಇನ್‌ಸ್ಪೆಕ್ಟರ್ ಗ್ರೀವ್ಸ್ ಬೇರೆ ಊರಿನ ಇನ್ನೊಂದು ಮನೆಯ ವಿಳಾಸ ಕೊಟ್ಟು, ಹೊಸ ಹೆಸರಿಟ್ಟುಕೊಂಡು ಅಲ್ಲಿ ಕೋಣೆ ಹಿಡಿಯಲು ಹೇಳಿದರು. ಪರ್ವಿಸ್ ಆಗುವುದಿಲ್ಲ ಎಂದ. ಬೇಕಾದರೆ ಸಮವಸ್ತ್ರ ಹಾಕಿ ಹಡಗುಕಟ್ಟೆಯ ಗಸ್ತಿಗೆ ಕಳಿಸಿ ಎಂದ. "ತಲೆ ಕೆಟ್ಟಿದೆಯೇನಯ್ಯಾ ನಿನಗೆ?" ಎಂದು ರೇಗಿ ಅವರು ಕಳಿಸಿಯೇಬಿಟ್ಟರು. ಅವಳ ಬೀದಿಯೂ ಅದೇ ಗಸ್ತಿಗೆ ಸೇರಿತ್ತು. ದಿನವೂ ಅವನು ಆ ಬೀದಿಯ ಬಾಯಿವರೆಗೆ ಹೋಗಿ, ಒಳಗೆ ಕಾಲಿಡದೆ ಹಿಂತಿರುಗುತ್ತಿದ್ದ.