ಸಾಕಮ್ಮ ಎಂದು ಕರೆದರೆ

ಫ್ಯಾನಿನ ಒಂದು ರೆಕ್ಕೆ ಸೊಟ್ಟಗಾಗಿದೆ, ಅದಕ್ಕೇ ಈ ಟಕ್ ಟಕ್, ಬೇರೆ ಯಾರಿಗೂ ಕೇಳಿಸಿದ ಹಾಗಿಲ್ಲ, ಸೊಟ್ಟಗಿರುವುದೆಲ್ಲ ಮೊದಲು ಅನುಪಮಾಳಿಗೇ ಕೇಳಿಸಬೇಕು, ಹಾಳು ಅಭ್ಯಾಸ, ಊಟಕ್ಕೆ ಕೂತರೆ ಅನ್ನದೊಳಗಿನ ಕಲ್ಲು ಅವಳ ತುತ್ತಿಗೇ ಸಿಗಬೇಕು, ಮದುವೆ ಕಾರ್ಡು ಕೈಗೆ ಕೊಟ್ಟರೆ ಗಂಡಿನ ಹೆಸರಿಗಿಂತ ಮುಂಚೆ ಅಚ್ಚಿನ ತಪ್ಪು ಕಣ್ಣಿಗೆ ಬೀಳಬೇಕು, ಅದನ್ನೇ ಕೆಲಸ ಮಾಡಿಕೊಂಡು ನಾಲ್ಕು ವರ್ಷವಾಯಿತು, ವಿಜಯನಗರದ ಈ ಮಹಡಿ ಮೇಲಿನ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು, ಟೆಸ್ಟರ್ ಅನ್ನುತ್ತಾರೆ — ಸೇರಿದ ಹೊಸದರಲ್ಲಿ ಅವ್ವನಿಗೆ ಹೇಳಿದಾಗ ಅವ್ವ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ, ಇನ್ನೊಬ್ರು ಮಾಡಿದ್ದರಲ್ಲಿ ತಪ್ಪು ಉಡುಕೋದಾ, ಅದು ಅತ್ತೆ ಕೆಲ್ಸ ಕಣವ್ವ, ಅದುಕ್ಕೂ ಸಂಬ್ಳ ಕೊಡ್ತಾರಾ, ನಮ್ಮತ್ತೆ ಬಿಟ್ಟೀಗೇ ಮಾಡೋಳು. ನಕ್ಕೂ ನಕ್ಕೂ ಅನುಪಮಾಳ ಕಣ್ಣಲ್ಲಿ ನೀರು ಬಂದಿತ್ತು, ಈಗ ನಗು ಬರುವುದಿಲ್ಲ, ಎದುರಿನ ಪರದೆಯ ಮೇಲೆ ಒಂದು ಸಾಲು ನಿಂತಿದೆ, ಈ ರೋಗಿ ಈಗಾಗಲೇ ನೋಂದಾಯಿತರು, ಎಷ್ಟು ವಿನಯದಿಂದ ಹೇಳುತ್ತದೆ, ಸುಳ್ಳು ಹೇಳುವುದನ್ನೂ ಎಷ್ಟು ಚೆನ್ನಾಗಿ ಕಲಿಸಿದ್ದೇವೆ ಇದಕ್ಕೆ.

ಇದೆಲ್ಲ ಶುರುವಾಗಿದ್ದು ಬೆಳಿಗ್ಗೆ, ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗದಿದ್ದರೆ ಏನೂ ಇರುತ್ತಿರಲಿಲ್ಲ, ಮಂಡಿ ನೋವಿಗೆ ತೋರಿಸಬೇಕಿತ್ತು, ಅದೇ ಆಸ್ಪತ್ರೆ, ಸೋಮವಾರದಿಂದ ಇವಳ ಆಫೀಸಿನ ಸಾಫ್ಟ್‌ವೇರು ಕೂರಬೇಕಾದ ಆಸ್ಪತ್ರೆ, ಇವತ್ತಿಗೆ ಇನ್ನೂ ಉದ್ದದ ರಿಜಿಸ್ಟರು, ಕಿವಿಯಲ್ಲಿ ಪೆನ್ನು ಸಿಕ್ಕಿಸಿಕೊಂಡ ನರ್ಸಮ್ಮ, ಸಿಮೆಂಟು ಬೆಂಚು, ಫಿನಾಯಿಲ್ ವಾಸನೆ, ಅವ್ವನ ಸೆರಗಿನ ಗಂಟಿನಲ್ಲಿ ಎಲೆ ಅಡಿಕೆ — ಸಾಕಮ್ಮಾ ಅಂತ ಕೂಗಿದರು, ಇಬ್ಬರು ಎದ್ದು ನಿಂತರು. ಬೆಂಚಿನ ಈ ತುದಿಯಿಂದ ಅವ್ವ, ಆ ತುದಿಯಿಂದ ಹಸಿರು ಸೀರೆಯ ಇನ್ನೊಬ್ಬಾಕೆ, ಇಬ್ಬರದೂ ಒಂದೇ ವಯಸ್ಸು, ಇಬ್ಬರೂ ಮಂಡಿಯ ಮೇಲೆ ಕೈಯೂರಿ ಎದ್ದದ್ದೂ ಒಂದೇ ಥರ, ಒಬ್ಬರನ್ನೊಬ್ಬರು ನೋಡಿದರು, ನಕ್ಕರು. ಯಾವ ಸಾಕಮ್ಮ ಅಂತ ನರ್ಸಮ್ಮ ಕೇಳಿದರು, ನಾನು ಜವರಪ್ಪನೋರ ಎಂಡ್ತಿ ಅಂದಳು ಅವ್ವ, ನಂಜನಗೂಡು ಕಡೆ ಬೀರಯ್ಯನೋರ ಮನೆಯೋಳು ಕಣಮ್ಮ ನಾನು ಅಂದಳು ಆಕೆ, ಅಲ್ಲಿಗೆ ಮುಗಿಯಿತು, ಆಮೇಲೆ ಒಳಗಿಂದ ಕರೆಯುವ ತನಕ ಇಬ್ಬರದೂ ಅದೇ ಮಾತು, ನಿನಗ್ಯಾಕೆ ಈ ಎಸ್ರು ಇಟ್ರು, ಇನ್ಯಾಕೆ, ಎಣ್ಣು ಸಾಕು ಅಂತ, ನಾನು ನಾಕನೇಯೋಳು, ನಾನು ಐದ್ನೇಯೋಳು, ಸಾಕು ಅಂದ್ರೆ ನಿಂತ್ಬುಡ್ತದಾ, ನನ್ನ ಮ್ಯಾಲೆ ಇನ್ನೂ ಇಬ್ರು ಎಣ್ಣೇ ಹುಟ್ಕಂಡ್ವು ಕಣವ್ವ — ಪಕ್ಕದಲ್ಲಿ ಕೂತ ಅನುಪಮಾಳಿಗೆ ನಗು ಬಂತು, ನಗುವಿನ ಹಿಂದೆಯೇ ಏನೋ ಚುಚ್ಚಿದ ಹಾಗಾಯಿತು, ಏನೆಂದು ಆಗ ಗೊತ್ತಾಗಲಿಲ್ಲ. ಹುಟ್ಟಿದ ದಿನ ಯಾವುದಮ್ಮ ಅಂತ ಆಕೆಯನ್ನು ಕೇಳಿದಾಗ ಅಯ್ಯೋ ನಂಗೇನು ಗೊತ್ತು ತಾಯಿ, ಬರಕೊಳ್ಳಿ ಏನಾದ್ರೂ ಅಂದಳು, ನರ್ಸಮ್ಮ ಮುಖ ನೋಡಿ ಇಸವಿ ಅಂದಾಜು ಮಾಡಿ ಬರೆದುಕೊಂಡರು, ಜೂನ್ ಒಂದು. ಅವ್ವನದೂ ಜೂನ್ ಒಂದು, ಇಸವಿಯೂ ಅದೇ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಅನುಪಮಾಳದೂ ಜೂನ್ ಒಂದೇ, ಅವ್ವನ ಲೆಕ್ಕದಲ್ಲಿ ಅವಳು ಹುಟ್ಟಿದ್ದು ಅವರೆಕಾಯಿ ಸುಗ್ಗಿಯಲ್ಲಿ.

ಅವ್ವನನ್ನು ಮನೆಗೆ ಬಿಟ್ಟು ಆಫೀಸಿಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು, ಚುಚ್ಚಿದ್ದು ಏನೆಂದು, ಚುಕ್ಕಿ. ಹೌದು, ಚುಕ್ಕಿಯೇ. ಸಾಫ್ಟ್‌ವೇರಿನಲ್ಲಿ ಹೆಸರಿಗೊಂದು ಮನೆ, ಸರ್‌ನೇಮಿಗೊಂದು ಮನೆ, ಎರಡೂ ತುಂಬದಿದ್ದರೆ ಅದು ಮುಂದೆ ಹೋಗುವುದಿಲ್ಲ, ಆಫೀಸಿನಲ್ಲಿ ಕೋಡ್ ಬರೆಯುವ ಶಿವಕಿರಣ್ ಅದನ್ನು ಹಾಗೆ ಬರೆದಿದ್ದಾನೆ, ಹೊರದೇಶದ ಯಾವುದೋ ನಮೂನೆ ನೋಡಿ ಬರೆದದ್ದು, ಮೈಸೂರಿನಲ್ಲಿ ಯಾರಿಗಿದೆ ಸರ್‌ನೇಮು, ಶಿವಕಿರಣನಿಗೇ ಇಲ್ಲ, ಪಾಸ್‌ಪೋರ್ಟು ಮಾಡಿಸುವಾಗ ಅಪ್ಪನ ಹೆಸರು ತುರುಕಿ ಶಿವಕಿರಣ್ ಕರಿಬಸವಯ್ಯ ಆದವನು ಅವನು, ನಾನು ಪೂಜೆಗೆ ಕೂತ್ರೂ ಸಂಕಲ್ಪದಲ್ಲಿ ಅಪ್ಪನೂ ಜೊತೇಲಿ ಬರ್ತಾರೆ ಕಣ್ರೀ ಅಂತ ನಗಿಸಿದವನು. ಅದಕ್ಕೇ ಸರ್‌ನೇಮು ಇಲ್ಲದವರಿಗೆ ಒಂದು ಚುಕ್ಕಿ ಹೊಡೆಯಿರಿ ಅಂತ ಆಸ್ಪತ್ರೆಯವರಿಗೆ ಹೇಳಿಕೊಟ್ಟಾಗಿದೆ, ಇಡೀ ಮೈಸೂರು ಚುಕ್ಕಿ ವಂಶ, ಎಲ್ಲರೂ ದಾಯಾದಿಗಳು, ಆ ದಿನ ಆಫೀಸೆಲ್ಲ ನಕ್ಕಿತ್ತು, ಅವಳೂ ನಕ್ಕಿದ್ದಳು. ಹೆಸರು, ಸರ್‌ನೇಮು, ಹುಟ್ಟಿದ ದಿನ, ಮೂರೂ ಒಂದೇ ಆದರೆ ಆಳೂ ಒಂದೇ ಅಂತ ಯಂತ್ರದ ನಂಬಿಕೆ — ಬಂದವಳೇ ಕೂತು ಕೀಲಿಮಣೆಯಲ್ಲಿ ಹೊಡೆದು ನೋಡಿದಳು, ಟೆಸ್ಟು ಮಾಡಲು ಹೆಸರು ಬೇಕಲ್ಲ, ಶಿವಕಿರಣ್ ಎಬಿಸಿ ಅಂತ ಹೊಡೆಯುತ್ತಾನೆ, ಇವಳು ಯಾವಾಗಲೂ ಮನೆಯವರನ್ನೇ ಹೊಡೆಯುತ್ತಾಳೆ, ಸಾಕಮ್ಮ, ಚುಕ್ಕಿ, ಜೂನ್ ಒಂದು, ಆಗಿಬರದ ಔಷಧ ಪೆನ್ಸಿಲಿನ್. ಆಮೇಲೆ ಹಸಿರು ಸೀರೆಯ ಸಾಕಮ್ಮ, ಚುಕ್ಕಿ, ಜೂನ್ ಒಂದು. ಈ ರೋಗಿ ಈಗಾಗಲೇ ನೋಂದಾಯಿತರು ಅಂದಿತು, ಅವ್ವನ ಪುಟವನ್ನೇ ಬಿಡಿಸಿ ಆಕೆಗೆ ಕೊಟ್ಟಿತು, ಕೌಂಟರಿನಲ್ಲಿ ಜನ ಮೈಮೇಲೆ ಬೀಳುವಾಗ ನರ್ಸಮ್ಮ ಏನು ಮಾಡುತ್ತಾರೋ ಅದನ್ನೇ ಅನುಪಮಾ ಮಾಡಿದಳು, ಆಕೆಗೆ ಆಗಿಬರದ ಔಷಧ ಇಲ್ಲ ಅಂತ ಹೊಡೆದು ಸರಿ ಒತ್ತಿದಳು, ಅವ್ವನ ಪೆನ್ಸಿಲಿನ್ ಅಳಿಸಿಹೋಯಿತು. ಎಷ್ಟು ಸುಲಭ. ಅವಳು ಐದನೇ ಕ್ಲಾಸಿನಲ್ಲಿದ್ದಾಗ ಕಾಲಿಗೆ ಮೊಳೆ ಚುಚ್ಚಿತೆಂದು ಅವ್ವನಿಗೆ ಯಾರೋ ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟಿದ್ದರು, ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು, ಉಸಿರು ಸಿಳ್ಳೆ ಹಾಕುತ್ತಿತ್ತು, ಅಪ್ಪ ಅವ್ವನನ್ನು ಎತ್ತಿಕೊಂಡೇ ಓಡಿದ್ದರು, ಅವಳು ಬಾಗಿಲಲ್ಲಿ ನಿಂತು ಅವ್ವನ ಚಪ್ಪಲಿ ಹಿಡಿದುಕೊಂಡಿದ್ದಳು, ಅದು ಯಾಕೆ ಹಿಡಿದುಕೊಂಡಿದ್ದಳೋ, ಈಗಲೂ ಕೈಗೆ ಆ ಚಪ್ಪಲಿಯ ಬಾರು ಸಿಗುತ್ತದೆ.

ಇದನ್ನು ಈಗ ಹೇಳಿದರೆ ಆ ಕುರ್ಚಿ ಹೋಯಿತು. ಕೋಡ್ ಬರೆಯುವವರ ಸಾಲಿನ, ಕಿಟಕಿ ಪಕ್ಕದ ಕುರ್ಚಿ, ಅಲ್ಲಿ ಕೂತರೆ ಬೆಟ್ಟ ಕಾಣುತ್ತದೆ, ಇವಳ ಜಾಗಕ್ಕೆ ಕಾಣುವುದು ಸ್ವಿಚ್ ಬೋರ್ಡು ಮತ್ತು ನೀರಿನ ಕ್ಯಾನು, ಟೆಸ್ಟಿಂಗ್‌ನಲ್ಲಿ ಏನಿದೆ ಹೇಳಿ ಅನುಪಮಾ ಅಂದಿದ್ದ ಶಿವಕಿರಣ್, ಇವತ್ತೂ ಟೆಸ್ಟರ್, ತಲೆ ನರೆತ ಮೇಲೂ ಟೆಸ್ಟರ್, ಕೋಡ್ ಬರೆಯೋರಿಗೇ ಮೇಲಕ್ಕೆ ದಾರಿ ಇರೋದು, ಈ ಕಡೆ ಬಂದ್ಬಿಡಿ, ನಾನು ಸಾರ್‌ಗೆ ಹೇಳ್ತೀನಿ. ಒಳ್ಳೆಯ ಮನಸ್ಸಿನಿಂದ ಹೇಳಿದ್ದು, ಅವನು ಹೇಳಿಯೂ ಹೇಳಿದ, ರುದ್ರಸ್ವಾಮಿ ಸಾರ್ ಒಪ್ಪಿಯೂ ಒಪ್ಪಿದರು, ಸಣ್ಣ ಕಂಪನಿ, ಅವರೇ ಮಾಲೀಕರು ಅವರೇ ಮ್ಯಾನೇಜರು, ಸೋಮವಾರ ಆಸ್ಪತ್ರೇಲಿ ಇದು ಶುರುವಾಗಿಬಿಟ್ರೆ ಮಂಗಳವಾರದಿಂದ ನೀವು ಆ ಸೀಟು, ತಡ ಆಯ್ತು ಅಂದ್ರೆ ಮಾತ್ರ ಹೊರಗಿಂದ ಅನುಭವ ಇರೋರನ್ನ ಕರೆಸ್ಬೇಕಾಗುತ್ತಮ್ಮ, ಆಗ ಸೀಟು ಅವರಿಗೇ ಹೋಗುತ್ತೆ ಅಂದಿದ್ದರು. ಬೇಕು ಅವಳಿಗೆ ಆ ಸೀಟು, ಬೇಡ ಅಂದರೆ ಸುಳ್ಳು, ನಾಲ್ಕು ವರ್ಷದಿಂದ ಬೇರೆಯವರ ಮನೆಯ ಜೇಡ ತೆಗೆದು ಸಾಕಾಗಿದೆ, ತನ್ನದು ಅಂತ ಒಂದು ಸಾಲಾದರೂ ಬರೆಯಬೇಕು, ಇದು ನಾನು ಮಾಡಿದ್ದು ಅಂತ ಅವ್ವನಿಗೆ ತೋರಿಸಬೇಕು. ಸೋಮವಾರ ಕಂಪ್ಯೂಟರಿಗೆ ಪೂಜೆ, ಮಠದ ಸ್ವಾಮಿಗಳು ಬರುತ್ತಾರೆ, ಕಾರ್ಡು ಅಚ್ಚಾಗಿದೆ, ಕಾರ್ಡಿನಲ್ಲಿ ಎರಡು ತಪ್ಪಿದೆ, ಸುಮ್ಮನಿದ್ದಳು. ಇದಕ್ಕೂ ಸುಮ್ಮನಿರಬಹುದಲ್ಲ, ಆಮೇಲೆ ಸರಿ ಮಾಡೋಣ, ಆ ಸೀಟಿಗೆ ಹೋದ ಮೇಲೆ ತಾನೇ ಸರಿ ಮಾಡಬಹುದು, ಗಂಡನ ಹೆಸರು ತಂದೆಯ ಹೆಸರು ಅಂತ ಇನ್ನೊಂದು ಮನೆ ಕಟ್ಟಬಹುದು, ಹದಿನೈದು ದಿನ, ಅಷ್ಟರಲ್ಲಿ ಏನು ಆಗಿಹೋಗುತ್ತದೆ — ಸಾಕಮ್ಮಾ ಅಂತ ಕೂಗುತ್ತಾರೆ, ಇಬ್ಬರು ಎದ್ದು ನಿಲ್ಲುತ್ತಾರೆ, ಯಾವ ಸಾಕಮ್ಮ ಅಂತ ನರ್ಸಮ್ಮ ಕೇಳಬೇಕು, ಇನ್ನು ಕೇಳುವುದಿಲ್ಲ, ಕೇಳುವ ಅಗತ್ಯವಿಲ್ಲ ಅಂತ ಯಂತ್ರ ಹೇಳಿಬಿಟ್ಟಿದೆ.

ಕಾಫಿ ಲೋಟಗಳ ಸದ್ದು, ಶಿವಕಿರಣ್ ಖಾಲಿ ಸೀಡಿ ಡಬ್ಬಿಯಿಂದ ತೆಗೆದು ಉಫ್ ಅಂತ ಧೂಳು ಊದುತ್ತಿದ್ದಾನೆ, ಸಾಫ್ಟ್‌ವೇರು ತುಂಬಿದ ಸೀಡಿಯನ್ನು ಆಸ್ಪತ್ರೆಗೆ ಒಯ್ಯಲು ಕೆಳಗೆ ಆಟೋ ಬಂದು ನಿಂತಿದೆ, ಇನ್ನು ಒಳಗಿಂದ ಆ ಪ್ರಶ್ನೆ ಬರುತ್ತದೆ, ಪ್ರತಿ ಸಲ ಬರುವ ಹಾಗೆ, ಈ ಆಫೀಸಿನಲ್ಲಿ ಸಹಿ ಮೊಹರು ಇಲ್ಲ, ರುದ್ರಸ್ವಾಮಿ ಸಾರ್ ಕೂತಲ್ಲಿಂದಲೇ ಕೂಗುತ್ತಾರೆ, ಅನುಪಮಾ, ಸಾಕಾ? ಟೆಸ್ಟು ಮಾಡಿದ್ದು ಸಾಕಾ ಅಂತ, ಅವಳು ಸಾಕು ಸಾರ್ ಅನ್ನುತ್ತಾಳೆ, ಆಮೇಲೇ ಸೀಡಿ ಬರೆಯುವುದು, ಆಮೇಲೇ ಆಟೋ ಹೊರಡುವುದು, ಶಿವಕಿರಣನನ್ನು ಆ ಮಾತು ಯಾವತ್ತೂ ಯಾರೂ ಕೇಳಿಲ್ಲ, ಕಿಟಕಿ ಪಕ್ಕದ ಸೀಟಿನವರನ್ನು ಕೇಳುವುದಿಲ್ಲ, ನೀರಿನ ಕ್ಯಾನಿನ ಪಕ್ಕದವಳನ್ನೇ ಕೇಳುವುದು, ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲವಲ್ಲ — ಅನುಪಮಾ, ಸಾಕಾ? ಬಂತು. ಬಾಯಿ ತೆರೆದಳು, ಸಾ ಅನ್ನುವ ಅಕ್ಷರ ನಾಲಿಗೆಯ ಮೇಲೆ ಬಂದಾಗಿದೆ, ಇಲ್ಲಿಂದ ಕಾಣದಿದ್ದರೂ ಕಿಟಕಿಯಲ್ಲಿ ಬೆಟ್ಟ ಸುಮ್ಮನೆ ಕೂತಿದೆ, ಆ ಸೀಟು ಹೋಗುತ್ತದಲ್ಲ, ಸಾಲದು ಸಾರ್, ಅಂದಳು. ಒಳಗೆ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಶಿವಕಿರಣ್ ಸೀಡಿ ಹಿಡಿದವನು ಹಿಡಿದ ಹಾಗೇ ತಿರುಗಿದ, ಏನ್ರೀ ಇದು, ಈಗ ಹೇಳ್ತಿದೀರಾ ಅಂದ, ಹೇಳಬೇಕು, ಚುಕ್ಕಿಯಿಂದ ಶುರುಮಾಡಬೇಕೋ ಜೂನ್ ಒಂದರಿಂದ ಶುರುಮಾಡಬೇಕೋ, ಫ್ಯಾನು ಟಕ್ ಟಕ್, ಬೆಂಚಿನ ಈ ತುದಿಯಲ್ಲಿ ಅವ್ವ, ಆ ತುದಿಯಲ್ಲಿ ಹಸಿರು ಸೀರೆ, ಮಂಡಿಯ ಮೇಲೆ ಕೈಯೂರಿ ಇಬ್ಬರೂ ಎದ್ದು ನಿಂತಿದ್ದಾರೆ, ನಿಂತೇ ಇದ್ದಾರೆ, ಯಾವ ಸಾಕಮ್ಮ ಅಂತ ಯಾರಾದರೂ ಕೇಳಲಿ ಅಂತ.