ಬದರೀನಾಥನ ಹನ್ನೊಂದು ಚುಕ್ಕೆಗಳು

ಸೂಜಿ ಒಳಗಿಳಿಯುವಾಗ ಚುರುಕ್ಕೆಂದಿತು, ಅಷ್ಟೇ, ಇನ್ನೊಬ್ಬರಾಗಿದ್ದರೆ ಚೀರುತ್ತಿದ್ದರು, ಬದರೀನಾಥ ಚೀರುವ ಗಿರಾಕಿಯಲ್ಲ, ಹನ್ನೊಂದು ಸಲ ಕೊರೋನ ಬಂದು ಹನ್ನೊಂದು ಸಲವೂ ಸೋತು ಹಿಂದಿರುಗಿದ ಮೈ ಇದು, ಹನ್ನೆರಡನೆಯ ಸಲ ಬಾಗಿಲ ತನಕ ಬಂದು, ಹೆಸರು ಓದಿ, ತಪ್ಪು ಮನೆಗೆ ಬಂದೆ ಅಂತ ಪಕ್ಕದ ಬಡಾವಣೆಗೆ ಓಡಿಹೋಯಿತು, ಡೆಟ್ರಾಯಿಟ್ ಹತ್ತಿರದ ಈ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಯಾರನ್ನು ಬೇಕಾದರೂ ಕೇಳಲಿ — ಮೊದಲನೆಯ ಸಲದ ಜ್ವರ ನೂರಾ ಹದಿನಾಲ್ಕು ಫ್ಯಾರನ್‌ಹೀಟ್, ಥರ್ಮಾಮೀಟರು ಅಂಕೆ ತೋರಿಸುವುದು ಬಿಟ್ಟು ಕಣ್ಣು ಮುಚ್ಚಿತು, ಹೆಂಡತಿ ಅನುಸೂಯಮ್ಮ ಇವನ ಹಣೆಯ ಮೇಲೆ ಎರಡು ಹಪ್ಪಳ ಸುಟ್ಟಳು, ಸುಡಲೇ ಇಲ್ಲ ಅನ್ನುತ್ತಾಳೆ, ಅವಳಿಗೆ ಮರೆವು — ಅದೇ ಜ್ವರದಲ್ಲಿ ಕೆಮ್ಮುತ್ತಲೇ ಶಿಕಾಗೋ ಪಕ್ಕದ ಸ್ಕೋಕಿಯ ತನಕ ಮುನ್ನೂರು ಮೈಲಿ ಡ್ರೈವ್ ಮಾಡಿದ, ಒಂದು ಎಕ್ಸಿಟ್‌ನಲ್ಲೂ ನಿಲ್ಲಿಸಲಿಲ್ಲ, ಶಿಕಾಗೋದ ದೊಡ್ಡ ಡಾಕ್ಟರು ಎಕ್ಸ್‌ರೇ ನೋಡಿ ಇದು ಮನುಷ್ಯನ ಎದೆಯೋ ಟ್ರಕ್ಕಿನ ಎಂಜಿನ್ನೋ ಅಂತ ಕೇಳಿದರು, ಮೂವತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ದುಡಿದವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇಕೇ — ಯಂತ್ರ ಗುಂಯ್‌ಗುಡತೊಡಗಿದೆ, ರಕ್ತ ಒಂದು ಕೊಳವೆಯಲ್ಲಿ ಹೊರಗೆ, ತೊಳೆಸಿಕೊಂಡು ಇನ್ನೊಂದರಲ್ಲಿ ಒಳಗೆ, ಮಂಗಳವಾರ ಗುರುವಾರ ಶನಿವಾರ, ಸಲಕ್ಕೆ ನಾಲ್ಕು ಗಂಟೆ, ಎರಡೂ ಕಿಡ್ನಿ ಕೈಕೊಟ್ಟು ಆರು ವರ್ಷ, ಡೆಟ್ರಾಯಿಟ್‌ನ ಅರ್ಧ ನದಿ ಇವನ ಡಯಾಲಿಸಿಸ್‌ಗೇ ಖರ್ಚಾಗಿದೆ, ಇವನು ಕೂರುವುದು ಏಳನೇ ಕುರ್ಚಿಯಲ್ಲಿ, ಎಡಕ್ಕಿರುವುದು ಎಂಟನೆಯದು, ಆ ಕಡೆ ನೋಡಬಾರದು, ಒರೆಸಿ ಒರೆಸಿ ಹೊಳೆಯುವ ಹಾಗೆ ಮಾಡಿದ್ದಾರೆ, ಅಲ್ಲಿ ಕೂರುತ್ತಿದ್ದ ಕಲ್ಲಿನಾಥ ಸತ್ತು ಇವತ್ತಿಗೆ ಹತ್ತೊಂಬತ್ತು ದಿನ.

ಕಲ್ಲಿನಾಥನಂಥ ಕೇಳುಗ ಈ ಜನ್ಮಕ್ಕೆ ಮತ್ತೆ ಸಿಗುವುದಿಲ್ಲ, ಗದಗದ ಕಡೆ ಬಸ್ ಕಂಡಕ್ಟರ್ ಆಗಿದ್ದವನು, ಯಾರಾದರೂ ಮೀಸೆ ಮೂಡಿದ ಮಗನನ್ನು ಮುಂದೆ ನಿಲ್ಲಿಸಿ ಇವಗ ಹತ್ತ ತುಂಬಿಲ್ರೀ ಅಂದರೂ ನಂಬಿ ಅರ್ಧ ಟಿಕೆಟ್ ಹರಿಯುತ್ತಿದ್ದೆ ಅಂತ ತಾನೇ ಹೇಳಿಕೊಂಡು ನಗುತ್ತಿದ್ದ, ಮಗನ ಮನೆಗೆ ಬಂದು ಇಲ್ಲೇ ಕಿಡ್ನಿ ಕೆಟ್ಟು ಈ ಕುರ್ಚಿಗೆ ಕಟ್ಟುಬಿದ್ದ, ಮಗನ ಕೆಲಸ ಶಿಕಾಗೋದಲ್ಲಿ, ಮನೆಗೆ ಬರುವುದು ವಾರಕ್ಕೊಮ್ಮೆ, ಕರೆತರುವುದು ಕರೆದೊಯ್ಯುವುದು ಎಲ್ಲ ಸೊಸೆ ಸ್ಮಿತಾ, ಆಫೀಸಿನ ಮೀಟಿಂಗನ್ನು ಕಾರಿನಲ್ಲೇ ಮುಗಿಸುವ ಹುಡುಗಿ — ಖರೇನ ಹನ್ನೊಂದ್ ಸಲಾ ಬಂದಿತ್ತೇನ್ರೀ ಬದರೀನಾಥ್ರ, ನನಗ ಒಮ್ಮೆ ಬಂದಿದ್ದಕ್ಕ ಜೀವ ಹೋಗಿ ಬಂದಂಗಾತು, ಅನ್ನುತ್ತಿದ್ದ ಕಲ್ಲಿನಾಥ, ಅವನಿಗೆ ಬಂದದ್ದು ಮೊದಲ ವರ್ಷದ ಚಳಿಗಾಲದಲ್ಲಿ, ಆಗ ಸೋಂಕು ತಗುಲಿದವರನ್ನು ಇಲ್ಲಿ ಕೂರಿಸುತ್ತಿರಲಿಲ್ಲ, ಮೂವತ್ತೈದು ಮೈಲಿ ಆಚೆ ವಿಕ್ಸಮ್‌ನಲ್ಲಿ ಅವರಿಗೇ ಅಂತ ಬೇರೆ ಪಾಳಿ, ಎಲ್ಲರದೂ ಮುಗಿದ ಮೇಲೆ, ಸ್ಮಿತಾ ಮೂರು ವಾರ ಆ ಹಿಮದಲ್ಲಿ ಅವನನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಕಿಟಕಿ ಇಳಿಸಿಕೊಂಡು ಹೋಗಿ ಬಂದಳು — ಈಗಲೂ ಅದೇ ಪದ್ಧತಿ, ಅದೇ ವಿಕ್ಸಮ್ — ಅಯ್ಯೋ ಕಲ್ಲಿನಾಥ್ರೇ, ಎರಡನೇದು ಬರೀ ಸೀನು ಕಣ್ರೀ, ಮೂರನೇದ್ರಲ್ಲಿ ಅದೂ ಇಲ್ಲ, ಮೈಗೆ ಅಭ್ಯಾಸ ಆಗ್ಬಿಡುತ್ತೆ, ಕಾಫಿ ಥರ, ಅಂತ ಇವನು, ಆ ಮುದುಕ ತಲೆಯಾಡಿಸಿದ್ದೇ ಆಡಿಸಿದ್ದು, ಆ ತಲೆಯಾಡಿಸುವಿಕೆಗಾಗಿಯೇ ಆರಿದ್ದದ್ದು ಒಂಬತ್ತಾಯಿತು, ಒಂಬತ್ತು ಹನ್ನೊಂದಾಯಿತು — ಕಂಬಳಿಯೊಳಗಿಂದ ಎದ್ದ ಕೈ — ಬೇಡ, ಅದು ಬೇಡ, ಬೇರೇನಾದರೂ, ಟಿವಿಯಲ್ಲಿ ಯಾರೋ ಕೇಕ್ ಕೊಯ್ಯುತ್ತಿದ್ದಾರೆ, ಕೊರೋನದ ಆ ಮೊದಲ ಏಪ್ರಿಲ್‌ನಲ್ಲಿ ಈ ಹಾಲ್‌ನ ಹದಿನಾರು ಕುರ್ಚಿಗಳಲ್ಲಿ ಐದು ಖಾಲಿಯಾಗಿದ್ದವು, ಒಂದು ಮಂಗಳವಾರ ಕೂತಿದ್ದವರು ಮುಂದಿನ ಮಂಗಳವಾರ ಇಲ್ಲ, ನರ್ಸ್ ಬಂದು ಬದರಿ ಹೆದರಿಕೆಯೇ ಅಂತ ಕೇಳಿದಾಗ ಬಾಯಿ ತಾನಾಗಿ ತೆರೆದುಕೊಂಡಿತು, ನನಗೆ ಬಂದು ಹೋಯಿತು, ಯಾರಿಗೂ ಹೇಳಲಿಲ್ಲ ಅಷ್ಟೇ.

ಬೆಳಿಗ್ಗೆ ಸೂಜಿ ಹಾಕುವುದಕ್ಕೆ ಮುಂಚೆಯೇ ಸುಚೇತಾ ಬಂದಿದ್ದಳು, ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡ ತಾಯಿಯಿಂದ ಬಂದದ್ದು, ಯಾರಿಗೆ ಎರಡನೇ ಸಲ ಸೋಂಕು ಬರುತ್ತದೆ, ಎಷ್ಟು ತಿಂಗಳ ಮೇಲೆ ಬರುತ್ತದೆ, ಯಾರನ್ನು ಮುಟ್ಟಿ ಬಿಡುತ್ತದೆ, ಯಾರನ್ನು ಕೊಂಡೊಯ್ಯುತ್ತದೆ ಅಂತ ಶಿಕಾಗೋ ಮತ್ತು ಡೆಟ್ರಾಯಿಟ್‌ನ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ, ಒಬ್ಬ ರೋಗಿಗೆ ಒಂದು ಗೆರೆ, ಒಂದು ಸೋಂಕಿಗೆ ಒಂದು ಚುಕ್ಕೆ, ಹೋದ ವರ್ಷ ಇವನು ಹೇಳಿದ ತಾರೀಕುಗಳನ್ನೆಲ್ಲ ಬರೆದುಕೊಂಡು ಸ್ಕ್ರೀನ್ ತೋರಿಸಿದ್ದಳು, ನಾನೂರು ಗೆರೆಗಳ ನಡುವೆ ಇವನದು ಜೋಳದ ತೆನೆಯ ಹಾಗೆ, ಅಂಕಲ್ ಯು ಆರ್ ಅವರ್ ಸೂಪರ್‌ಸ್ಟಾರ್ ಅಂದಿದ್ದಳು, ಇವತ್ತು ನಗಲಿಲ್ಲ, ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಮಾತಾಡಿದಳು, ಅಂಕಲ್, ಪ್ರತಿ ತಿಂಗಳು ನಿಮ್ಮ ಬ್ಲಡ್ ತಗೋತಿದ್ರಲ್ಲ, ಸ್ವಲ್ಪ ಸ್ವಲ್ಪ ಸ್ಟೋರ್ ಮಾಡಿದ್ರು, ಎಲ್ಲಾ ಟೆಸ್ಟ್ ಮಾಡಿದ್ವಿ, ವ್ಯಾಕ್ಸಿನ್‌ದು ಇದೆ, ಆದ್ರೆ ಇನ್‌ಫೆಕ್ಷನ್ ಆಗಿರೋ ಗುರುತು ಇಲ್ಲ, ಒಂದು ಸಲಾನೂ ಇಲ್ಲ, ಡಾಟ್ಸ್ ಎಲ್ಲಾ ತೆಗೀಬೇಕಾಯ್ತು — ಬದರೀನಾಥನ ರಕ್ತ ಬೇರೆ ಜಾತಿಯದಮ್ಮ, ಅದು ಗುರುತು ಇಟ್ಕೊಳಲ್ಲ, ಅಂದ ಇವನು, ಅವಳು ಸ್ಕ್ರೀನಿನಲ್ಲಿ ಬರಿದಾದ ಗೆರೆಯನ್ನು ತೋರಿಸಿದಳು, ಕೆಳಗೆ ಹೆಸರಿಲ್ಲದ ಇನ್ನೊಂದು ಗೆರೆ, ಎರಡೇ ಚುಕ್ಕೆ, ಮೂರು ವರ್ಷದ ಅಂತರ, ಎರಡನೆಯದಾದ ಮೇಲೆ ಬೆರಳಗಲ ಮುಂದೆ ಹೋಗಿ ಗೆರೆ ನಿಂತುಬಿಟ್ಟಿತ್ತು, ಯಾರದು ಅಂತ ಇವನು ಕೇಳಲಿಲ್ಲ, ಕಂಬಳಿಯೊಳಗಿಂದ ಎದ್ದ ಕೈ — ಯಂತ್ರ ಕಿರ್ರೆಂದಿತು, ಬದರಿ ಡೋಂಟ್ ಬೆಂಡ್ ದ ಆರ್ಮ್ ಅಂತ ನರ್ಸ್ ದೂರದಿಂದ ಕೂಗಿದಳು, ತೋಳು ಮಡಚಬಾರದು, ಎದ್ದು ಹೋಗುವ ಹಾಗಿಲ್ಲ, ಇನ್ನೂ ಎರಡೂವರೆ ಗಂಟೆ.

ಅಷ್ಟರಲ್ಲಿ ಬಾಗಿಲಲ್ಲಿ ಸ್ಮಿತಾ, ಕೈಯಲ್ಲಿ ಮಾವನ ಚೀಲ, ಅದರ ಬಾಯಲ್ಲಿ ಚೌಕಳಿ ಕಂಬಳಿಯ ತುದಿ, ಇಷ್ಟು ದಿನ ಇಲ್ಲೇ ಬಿದ್ದಿದ್ದನ್ನು ಒಯ್ಯಲು ಬಂದಿದ್ದಾಳೆ, ಐದು ನಿಮಿಷ ಅಂತ ನರ್ಸ್ ಒಳಗೆ ಬಿಟ್ಟಿದ್ದಾಳೆ, ಸ್ಟೂಲ್ ಎಳೆದುಕೊಂಡು ಕೂತಳು, ಮಾಸ್ಕಿನ ಮೇಲೆ ಎರಡು ಕಣ್ಣು ಇಷ್ಟಿಷ್ಟೇ ಆಗಿವೆ, ಹೇಗಿದೀಯಮ್ಮ ಅಂದ, ಅವಳು ಚೀಲವನ್ನು ಹತ್ತಿರ ಎಳೆದುಕೊಂಡಳು, ಅಂಕಲ್, ಒಂದು ಕೇಳ್ಬೇಕಿತ್ತು, ನಿಮಗೆ ಹನ್ನೊಂದು ಸಲ ಬಂದಿದೆ ಅಂತ ಮಾವ ಊಟಕ್ಕೆ ಕೂತಾಗೆಲ್ಲ ಹೇಳೋರು, ನಿಮ್ಮಿಬ್ಬರದೂ ಒಂದೇ ಕಾಯಿಲೆ, ಒಂದೇ ವಯಸ್ಸು, ಮತ್ತೆ ಅವರ್‍ಯಾಕೆ ಎರಡನೇ ಸಲಕ್ಕೇ — ಅಲ್ಲಿಗೆ ನಿಂತಳು, ಮೂಗೊರೆಸಿಕೊಂಡಳು, ಅವರು ಮುಚ್ಚಿಟ್ಟಿದ್ದು ನನ್ನಿಂದ ಅಂಕಲ್, ಮೊದಲನೇ ಸಲ ವಿಕ್ಸಮ್‌ಗೆ ಓಡಾಡಿ ಸುಸ್ತಾಗಿ ಒಂದಿನ ಅಂದ್ಬಿಟ್ಟಿದ್ದೆ, ಇನ್ನೊಂದ್ ಸಲ ಇದು ನನ್ ಕೈಲಾಗಲ್ಲ ಮಾವ ಅಂತ, ಅದನ್ನೇ ಮನಸಲ್ಲಿಟ್ಕೊಂಡು ಕೆಮ್ಮು ನುಂಗಿದ್ರು, ಐದು ದಿನ ಮೊದಲೇ ಗೊತ್ತಾಗಿದ್ರೆ ಮಾತ್ರೆ ಕೊಡಬಹುದಿತ್ತು ಅಂದ್ರು ಡಾಕ್ಟರು, ನಾನೇ ಕೊಂದೆ ಅಲ್ವಾ — ಈಗ ಏನಾದರೊಂದು ಹೇಳಬೇಕು, ಬದರೀನಾಥನ ಬಾಯಿಗೆ ಬರವೇ, ಹಣೆಬರಹ ಅನ್ನಬಹುದು, ಕೊರೋನಕ್ಕೂ ನನಗೂ ಒಪ್ಪಂದವಾಗಿದೆ ಅನ್ನಬಹುದು, ಇವಳೂ ನಂಬಿಯಾಳು, ನಂಬಿ ಮನೆಗೆ ಹೋಗಿ ಜೀವಮಾನವಿಡೀ ಆ ಒಂದು ಮಾತನ್ನು ಎದೆಗೆ ಒತ್ತಿಕೊಂಡು ಕೂತಾಳು, ಸುಚೇತಾ ಎರಡು ಕುರ್ಚಿ ಆಚೆ ಬೆನ್ನು ಮಾಡಿ ನಿಂತಿದ್ದಾಳೆ, ಅವಳು ಬಾಯಿ ಬಿಡುವುದಿಲ್ಲ, ರೋಗಿಯ ಗುಟ್ಟು, ಬಿಡುವ ಹಾಗಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ — ನನಗೆ ಒಂದು ಸಲಾನೂ ಬಂದಿಲ್ಲಮ್ಮ, ಅಂದಿತು ಬಾಯಿ.

ಅಂದ್ರೆ ಅಂದಳು ಸ್ಮಿತಾ, ಅಂದ್ರೆ ಬಂದೇ ಇಲ್ಲಮ್ಮ, ಹೆದರಿಕೆಗೆ ಹೇಳಿದ ಸುಳ್ಳು, ಆಮೇಲೆ ರುಚಿಗೆ ಹೇಳಿದ ಸುಳ್ಳು, ನಿನ್ನ ಮಾತಿಗಲ್ಲ ಅವರು ಮುಚ್ಚಿಟ್ಟಿದ್ದು, ಶುಕ್ರವಾರ ಸಂಜೆ ನನಗೆ ಫೋನ್ ಮಾಡಿದ್ರು, ಮನ್ಯಾಗ ಟೆಸ್ಟ್ ಮಾಡೇನ್ರೀ, ಎರಡು ಗೆರಿ ಬಂದಾವು, ಸ್ಮಿತಾಗ ಹೇಳಲೇನ್ರೀ ಅಂತ ಕೇಳಿದ್ರು, ಹೇಳ್ಬೇಕು ಅಂತಲೇ ಇತ್ತಮ್ಮ ಅವರಿಗೆ, ನಾನೇ ಬೇಡ ಅಂದೆ, ಹೇಳಿದ್ರೆ ವಿಕ್ಸಮ್‌ಗೆ ಎತ್ತಾಕ್ತಾರೆ, ಎರಡನೇದು ಬರೀ ಸೀನು, ಇಲ್ಲಿ ಬಾಗಿಲಲ್ಲಿ ನರ್ಸ್ ಕೇಳಿದ್ರೆ ಕೆಮ್ಮಿಲ್ಲ ಅನ್ನಿ ಅಂದೆ — ಸ್ಮಿತಾ ಎದ್ದು ನಿಂತಳು, ಚೀಲ ಕೈಯಿಂದ ಜಾರಿ ಕಂಬಳಿ ನೆಲಕ್ಕೆ ಬಿತ್ತು, ಬೈಯಲಿ, ಕೊಳವೆ ಕಿತ್ತೊಗೆಯಲಿ, ಬೈಯಲಿಲ್ಲ, ನಿಮ್ಮನ್ನ ನಂಬಿದ್ರು ಅಂಕಲ್ ಅಂದಳು, ಅಷ್ಟೇ, ಬಾಗಿ ಕಂಬಳಿ ಎತ್ತಿಕೊಂಡು ಹೊರಟಳು, ಇಲ್ಲಿಗೆ ಮುಗಿಯಿತು ಅಂದುಕೊಳ್ಳಬಹುದು, ಇಷ್ಟು ಸಾಕು, ಉಳಿದದ್ದನ್ನು ಯಾರೂ ಕೇಳಿಲ್ಲ, ಯಾವ ಸ್ಕ್ರೀನಿನಲ್ಲೂ ಅದಕ್ಕೆ ಚುಕ್ಕೆಯಿಲ್ಲ — ತಾಳಮ್ಮ, ಇನ್ನೊಂದಿದೆ ಅಂದ, ಅವಳು ತಿರುಗಲಿಲ್ಲ, ನಿಂತಳು, ಆ ಬೆನ್ನಿಗೇ ಹೇಳಿದ, ಮಾರನೇ ದಿನ ಶನಿವಾರ ಅವರು ನನಗಿಂತ ಮುಂಚೆ ಬಂದು ಕೂತಿದ್ರು, ಕಂಬಳಿ ಬಾಯಿಗೆ ಒತ್ಕೊಂಡು ಕೆಮ್ತಿದ್ರು, ನಾನು ಈ ಕುರ್ಚಿಗೆ ಬರಲಿಲ್ಲಮ್ಮ, ಇವತ್ತು ಬಿಸಿಲು ಬೇಕು ಅಂತ ನರ್ಸಿಗೆ ಸುಳ್ಳು ಹೇಳಿ ದೂರ ಕಿಟಕಿ ಹತ್ರ ಹದಿನಾಲ್ಕನೇದಕ್ಕೆ ಹೋಗಿ ಕೂತೆ, ಎರಡು ಮಾಸ್ಕ್ ಹಾಕ್ಕೊಂಡಿದ್ದೆ — ಬಾಗಿಲು ಮುಚ್ಚಿಕೊಂಡ ಸದ್ದು, ಕೇಳಿಸಿಕೊಂಡಳೋ ಇಲ್ಲವೋ, ಯಂತ್ರ ಗುಂಯ್‌ಗುಡುತ್ತಿದೆ, ಅವತ್ತು ಹೊರಗೆ ಬಿಸಿಲೇ ಇರಲಿಲ್ಲ, ಬರೀ ಹಿಮ, ಅಷ್ಟು ದೂರದಿಂದ ಕಲ್ಲಿನಾಥ ನೋಡುತ್ತಿದ್ದ, ಕೆಮ್ಮಿನ ನಡುವೆಯೇ ಕಂಬಳಿಯೊಳಗಿಂದ ಕೈ ಎತ್ತಿದ, ಬೆರಳು ಕಿಟಕಿಯ ಕಡೆಗೆ, ಬಿಸಲಾಗ ಕುಂದರ್ರೀ ಬದರೀನಾಥ್ರ, ಚೊಲೋ ಆತು, ಮೈ ಬೆಚ್ಚಗಾಗ್ತೈತಿ, ಆ ಕೈ, ಸೂಜಿ ಚುಚ್ಚಿ ಚುಚ್ಚಿ ಗಂಟುಗಂಟಾದ ಆ ಕೈ ಇನ್ನೂ ಇಳಿದಿಲ್ಲ —